ಮೂರು ಅಂಗುಲಕ್ಕೊಂದು ಹಸಿರು ಚೀಟಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಮೂರೇ ಮೂರು ಅಂಗುಲ. ಡ್ರಾಯಿಂಗ್ ಮೇಷ್ಟ್ರ ತಾಯಿಗೆ ಸೊಂಟದ ಆಪರೇಷನ್ ಆಗಿತ್ತು. ಆಸ್ಪತ್ರೆಯವರು ಕೊಟ್ಟ ವಾಕರಿನ ಅಗಲ ಇಪ್ಪತ್ತೈದು ಅಂಗುಲ. ಮೇಷ್ಟ್ರ ಮನೆಯ ಬಚ್ಚಲುಮನೆ ಬಾಗಿಲು ಇಪ್ಪತ್ತೆರಡು. ವಾಕರು ಬಗ್ಗುವುದಿಲ್ಲ, ಬಾಗಿಲು ಹಿಗ್ಗುವುದಿಲ್ಲ. ಇನ್ನು ಅಮ್ಮನ ವಿಷಯಕ್ಕೆ ಬಂದರೆ, ಬಗ್ಗುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

"ನನ್ನನ್ನ ಎತ್ಕೊಂಡು ಹೋಗೋದು, ಕೈ ಹಿಡ್ಕೊಂಡು ಹೊರಗೆ ಕಾಯ್ತಾ ನಿಲ್ಲೋದು, ಅವೆಲ್ಲ ಬೇಡ ಕಣೋ," ಎಂದು ಆಸ್ಪತ್ರೆಯ ಮಂಚದ ಮೇಲಿಂದಲೇ ಅಮ್ಮ ಹೇಳಿಬಿಟ್ಟಿದ್ದರು. "ಬಚ್ಚಲಿಗೆ ನಾನೇ ನಡ್ಕೊಂಡು ಹೋಗ್ಬೇಕು, ನಾನೇ ಚಿಲಕ ಹಾಕ್ಕೋಬೇಕು. ಆಗುತ್ತೆ ಅಂದ್ರೆ ನಾಳಿದ್ದು ಸಂಜೆ ನಿನ್ನ ಮನೆಗೆ ಬರ್ತೀನಿ. ಆಗಲ್ಲ ಅಂದ್ರೆ ನಿಮ್ಮಕ್ಕನ ಮನೆಗೆ ಹೋಗ್ತೀನಿ. ಅವಳ ಬಚ್ಚಲಲ್ಲಿ ಮಂಚಾನೇ ಹಾಕ್ಬಹುದು."

ಅಕ್ಕನ ಹೆಸರು ಎತ್ತಿದ್ದೇ ತಡ, ಮೇಷ್ಟ್ರ ಮೀಸೆ ಅದುರಿತು. 'ನಮ್ಮ ತಮ್ಮ ಕಾಗದದ ಮೇಲಾದ್ರೆ ಅರಮನೇನೇ ಕಟ್ತಾನೆ' ಎಂದು ನೆಂಟರಿಷ್ಟರ ಮುಂದೆಲ್ಲ ಆಡಿಕೊಳ್ಳುವ ಅಕ್ಕ ಅವರು. ಅಮ್ಮ ಅಲ್ಲಿಗೆ ಹೋದರೆ ಆ ಮಾತಿಗೆ ಠಸ್ಸೆ ಒತ್ತಿದಂತೆ. ಎಲ್ಲಕ್ಕಿಂತ ಹೆಚ್ಚಾಗಿ, ಅಮ್ಮನಿಲ್ಲದ ಈ ಮೂರು ವಾರ ಮನೆ ಬಿಕೋ ಎನ್ನುತ್ತಿತ್ತು. ಮೇಷ್ಟ್ರನ್ನು ಬೈಯುವವರೇ ಇರಲಿಲ್ಲ.

"ಬಾಗಿಲು ಅಗಲ ಆಗುತ್ತಮ್ಮ. ನಾನಿದ್ದೀನಲ್ಲ," ಎಂದು ಮೇಷ್ಟ್ರು ಎದೆ ತಟ್ಟಿಕೊಂಡು ಬಂದಿದ್ದರು. ಶಾಲೆಗೆ ರಜೆ ಹಾಕಿ, ಬೆಳಗ್ಗೆ ಏಳಕ್ಕೆಲ್ಲ ಗಾರೆ ಮೇಸ್ತ್ರಿಯನ್ನು ಕರೆಸಿ, ಟೇಪು ಹಿಡಿದು ನಿಂತರು.

ಮೇಸ್ತ್ರಿ ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡಿದ. "ಇವತ್ತು ಸಂಜೆಯೊಳಗೆ ಒಡೆದು ಹಾಕ್ತೀನಿ, ನಾಳೆ ಮಧ್ಯಾಹ್ನಕ್ಕೆ ಹೊಸ ಚೌಕಟ್ಟು ಕೂರಿಸ್ತೀನಿ. ನಾಳಿದ್ದಿನಿಂದ ನಂಗೆ ಬೇರೆ ಕಡೆ ಕೆಲಸ ಇದೆ ಸಾರ್. ಆಮೇಲೆ ಮೂರು ತಿಂಗಳು ನನ್ನ ಹುಡುಕ್ಬೇಡಿ."

"ಹೊಡಿ," ಎಂದರು ಮೇಷ್ಟ್ರು, ಓಟದ ಪಂದ್ಯ ಶುರು ಮಾಡುವವರ ಗತ್ತಿನಲ್ಲಿ.

ಮೇಸ್ತ್ರಿ ಹೊಡೆದ. ಒಂದೇ ಏಟು. ಬಾಗಿಲ ಪಕ್ಕದ ಗೋಡೆಯಲ್ಲಿ ತಟ್ಟೆಯಗಲದ ಗಾರೆ ಉದುರಿತು. ಎರಡನೆಯ ಏಟಿಗೆ ಸುತ್ತಿಗೆ ಎತ್ತುವಷ್ಟರಲ್ಲಿ ಮುಂಬಾಗಿಲಲ್ಲಿ ಗುಡುಗಿದಂತಾಯಿತು. "ನಿಲ್ಸಿ! ಪರ್ಮಿಷನ್ ಎಲ್ಲಿ?"

ಬಂದವರು ಪಕ್ಕದ ಮನೆಯವರು, ಬೀದಿಯವರೆಲ್ಲ ಇಟ್ಟ ಅಡ್ಡಹೆಸರು ಲಾ ಪಾಯಿಂಟು. ನ್ಯಾಯಾಲಯದಲ್ಲಿ ಬೆರಳಚ್ಚುಗಾರರಾಗಿ ನಿವೃತ್ತರಾದವರು. ಮೂವತ್ತು ವರ್ಷ ವಕೀಲರ ವಾದಗಳನ್ನು ಟೈಪು ಮಾಡಿ ಮಾಡಿ, ಕಾನೂನು ತಮ್ಮ ಬೆರಳ ತುದಿಯಲ್ಲಿದೆ ಎಂದು ನಂಬಿದ್ದರು. ಈಗ ಹೆಗಲ ಮೇಲೆ ಟವೆಲ್ಲು, ಬಾಯಿ ತುಂಬ ಪೇಸ್ಟಿನ ನೊರೆ.

"ನಮ್ಮ ಗೂಡಲ್ಲಿದ್ದ ಸೋಪು ಬಕೆಟ್ಟಿಗೆ ಬಿತ್ತು ಮೇಷ್ಟ್ರೇ! ಈ ಗೋಡೆ ನಿಮ್ಮೊಬ್ಬರದಲ್ಲ, ಇಬ್ಬರದೂ!"

ಅದು ನಿಜವೇ. ಮೇಷ್ಟ್ರದೂ ಲಾ ಪಾಯಿಂಟಿನದೂ ಜೋಡಿ ಮನೆ. ಮನೆ ನಂಬರು ಕೂಡ ಎರಡಕ್ಕೂ ಒಂದೇ, ಹದಿನಾಲ್ಕು. ಮುಗಿದ ಎರಡು ಕೈಗಳ ಹಾಗೆ ಮಗ್ಗುಲಿಗೆ ಮಗ್ಗುಲು, ಬಚ್ಚಲಿಗೆ ಬಚ್ಚಲು ತಾಗಿಸಿ ಕಟ್ಟಿದ್ದರು. ಆ ಕಡೆ ತಂಬಿಗೆ ಬಿದ್ದರೆ ಈ ಕಡೆ ಬೆಚ್ಚಿಬೀಳಬೇಕು.

"ಹಂಚಿಕೊಂಡ ಗೋಡೆ ಮುಟ್ಟೋಕೆ ಕಟ್ಟಡ ಕಚೇರಿಯ ಪರವಾನಗಿ ಬೇಕು. ಇಲ್ಲದೆ ಒಡೆದ್ರೆ, ಒಡೆದಿದ್ದನ್ನ ಮೊದಲಿನ ಹಾಗೇ ಕಟ್ಟಿಸ್ತಾರೆ. ಹೆದರ್ಬೇಡಿ, ಸಣ್ಣ ಕೆಲಸಕ್ಕೆ ಒಂದೇ ದಿನದಲ್ಲಿ ಕೊಡ್ತಾರೆ. ಬೆಳಗ್ಗೆ ಅರ್ಜಿ, ಮಧ್ಯಾಹ್ನ ತಪಾಸಣೆ, ಸಂಜೆಗೆ ಮುಂಬಾಗಿಲ ಮೇಲೆ ಹಸಿರು ಚೀಟಿ. ಬಾಯಿ ತೊಳ್ಕೊಂಡು ಬರ್ತೀನಿ, ನಾನೂ ಬರ್ತೀನಿ ನಿಮ್ಮ ಜೊತೆ."

ಕೊನೆಯ ಮಾತು ಕೇಳಿ ಮೇಷ್ಟ್ರ ಹೆಂಡತಿ ಗಂಡನ ಮುಖ ನೋಡಿದರು. ಆ ನೋಟದಲ್ಲಿ ಕನಿಕರವಿತ್ತು.

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು ಜಗುಲಿಯ ಮೇಲೆ ಕಾಲು ಚಾಚಿದ. "ಚೀಟಿ ಯಾವ ಬಾಗಿಲಿಗೆ ಅಂಟುತ್ತೋ ಆ ಮನೆಗೆ ನಾನು ಸುತ್ತಿಗೆ ತರ್ತೀನಿ. ಹೋದ ವರ್ಷ ಚೀಟಿ ಇಲ್ದೆ ಒಡೆದು, ನನ್ನ ಸಲಕರಣೆ ಎಲ್ಲ ಎತ್ಕೊಂಡು ಹೋದ್ರು ಸಾರ್."

ಕಟ್ಟಡ ಕಚೇರಿಯ ಮೊದಲ ಕಿಟಕಿಯಲ್ಲಿ ಕನ್ನಡಕ ಹಾಕಿದ ಗುಮಾಸ್ತೆಯೊಬ್ಬರು ಕುಳಿತಿದ್ದರು. ಅರ್ಜಿಯನ್ನು ಒಮ್ಮೆ, ಮೇಷ್ಟ್ರನ್ನು ಒಮ್ಮೆ ನೋಡಿ, "ಹಳೇ ನಕ್ಷೆಯ ಪ್ರತಿ ಎಲ್ಲಿ? ಮೂಲ ನಕ್ಷೆ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಇಳಿಸ್ಬೇಕು. ಹೊಸದಾಗಿ ಮಾಡೋ ಬದಲಾವಣೆ ಕೆಂಪು ಶಾಯೀಲಿ," ಎಂದರು.

"ಯಾರು ಇಳಿಸಿಕೊಡ್ತಾರೆ?"

"ನಮ್ಮ ನಕ್ಷೆಗಾರ. ಅವರು ರಜೆ ಮೇಲೆ ಹೋಗಿದ್ದಾರೆ. ಮುಂದಿನ ವಾರ ಬನ್ನಿ."

ಲಾ ಪಾಯಿಂಟು ನಿಟ್ಟುಸಿರುಬಿಟ್ಟರು. ಮೇಷ್ಟ್ರು ಮಾತ್ರ ಬಹಳ ದಿನದಿಂದ ಕಾಯುತ್ತಿದ್ದ ಅವಕಾಶ ಸಿಕ್ಕಿದವರಂತೆ ತೋಳು ಮಡಚಿದರು.

"ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಗೆರೆ ಎಳೆಯೋದು ಕಲಿಸ್ತಾ ಇದ್ದೀನಮ್ಮ. ನಾನೇ ಇಳಿಸಿಕೊಡ್ತೀನಿ."

"ಮಾಡಿ. ಆದ್ರೆ ನಕ್ಷೆ ಮೇಲೆ ನಿಮ್ಮ ಹೆಸರು, ಸಹಿ ಏನೂ ಇರಬಾರ್ದು. ಕಚೇರಿಯ ನಕ್ಷೆಗಾರ ಬರೆದ ಹಾಗೇ ಲೆಕ್ಕ."

ಹೆಸರಿಲ್ಲದ ಚಿತ್ರ! ಮೇಷ್ಟ್ರು ಅಮ್ಮನನ್ನು ನೆನೆದು ನುಂಗಿಕೊಂಡರು.

ರೆಕಾರ್ಡು ಕೋಣೆಯ ಮುದುಕ ಹದಿನಾಲ್ಕನೆಯ ನಂಬರಿನ ಕಡತವನ್ನು ಧೂಳು ಕೊಡವಿ ತಂದ. ಒಳಗೆ ಎರಡು ಹಾಳೆ, ಒಂದೊಂದು ಮನೆಗೆ ಒಂದೊಂದು. ಮೇಷ್ಟ್ರು ಅಲ್ಲಿ ಎಚ್ಚರ ತಪ್ಪಲಿಲ್ಲ. ಬಾಗಿಲಿಂದ ಒಳಗೆ ಹೋದರೆ ಬಚ್ಚಲು ಎಡಕ್ಕೆ, ಹೌದು, ಇದೇ ನಮ್ಮದು ಎಂದು ಎರಡೆರಡು ಸಲ ನೋಡಿ, ತಮ್ಮ ಹಾಳೆಯನ್ನೇ ತೆಗೆದುಕೊಂಡರು. ಅದರ ಮೇಲೆ ಎರಡೂ ಕಡೆಯಿಂದ ಗೆರೆ ಕಾಣುವ ತೆಳು ಟ್ರೇಸಿಂಗ್ ಹಾಳೆ ಹಾಸಿ, ನಾಲ್ಕು ಮೂಲೆಗೂ ಪಿನ್ನು ಚುಚ್ಚಿ, ಪೆನ್ಸಿಲ್ಲು ಹಿಡಿದರು.

ಪೆನ್ಸಿಲ್ಲಿನ ಕೆಲಸ ಮುಗಿಯುವಷ್ಟರಲ್ಲಿ ಸುತ್ತ ಏಳೆಂಟು ಜನ ಸೇರಿದ್ದರು. ಬೇರೆ ಬೇರೆ ಕಿಟಕಿಯ ಸಾಲುಗಳಲ್ಲಿ ನಿಂತು ಬೇಸತ್ತವರಿಗೆ ಇದೊಂದು ಮನರಂಜನೆ. ಮೇಷ್ಟ್ರಿಗೆ ತರಗತಿಯೇ ಎದುರಿಗಿದ್ದ ಹಾಗಾಯಿತು. ಪಿನ್ನು ಕಿತ್ತು, ಹಾಳೆಯನ್ನು ಮೊಗಚಿ ಹಾಕಿ, ಶಾಯಿ ಪೆನ್ನಿನ ಮುಚ್ಚಳ ತೆಗೆದರು.

"ಯಾಕ್ ಮಗುಚಿದ್ರಿ?" ಎಂದು ಲಾ ಪಾಯಿಂಟು ತಕ್ಷಣ ಆಕ್ಷೇಪಣೆ ಎತ್ತಿದರು.

"ನೋಡಿ, ಇದೇ ಕಸುಬು ಅಂದ್ರೆ. ಪೆನ್ಸಿಲ್ಲು ಒಂದು ಮಗ್ಗುಲಲ್ಲಿ, ಶಾಯಿ ಇನ್ನೊಂದು ಮಗ್ಗುಲಲ್ಲಿ. ಆಮೇಲೆ ರಬ್ಬರ್ ಹಾಕಿ ಪೆನ್ಸಿಲ್ ಗೆರೆ ಅಳಿಸಿದ್ರೂ ಶಾಯಿ ಅಲ್ಲಾಡಲ್ಲ. ಈಗಿನೋರಿಗೆ ಇದು ಗೊತ್ತೇ ಇಲ್ಲ."

ಜನ ತಲೆದೂಗಿದರು. ಮೇಷ್ಟ್ರು ಶಾಯಿಯಲ್ಲಿ ಗೆರೆ ಎಳೆದರು. ಅಡುಗೆಮನೆ, ಹಜಾರ, ಬಚ್ಚಲುಮನೆ ಎಂದು ಮುತ್ತು ಪೋಣಿಸಿದ ಹಾಗೆ ಅಕ್ಷರ ಬರೆದರು. ಅಗಲವಾಗಬೇಕಾದ ಬಾಗಿಲನ್ನು ಕೆಂಪಿನಲ್ಲಿ ತೋರಿಸಿದರು. ಎತ್ತಿ ಹಿಡಿದಾಗ ಸಾಲಿನಲ್ಲಿದ್ದ ಯಾರೋ ಚಪ್ಪಾಳೆಯನ್ನೇ ತಟ್ಟಿಬಿಟ್ಟರು.

"ಒಂದು ಗೆರೆ ತಪ್ಪಿದ್ರೆ ತೋರಿಸಿ," ಎಂದರು ಮೇಷ್ಟ್ರು.

ತಪ್ಪು ಹುಡುಕುವುದೆಂದರೆ ಲಾ ಪಾಯಿಂಟಿಗೆ ಪ್ರಾಣ. ನಕ್ಷೆಯನ್ನು ಮೂಗಿನ ಹತ್ತಿರ ತಂದು, ದೂರ ಹಿಡಿದು, ಸ್ಕೇಲು ಇಟ್ಟು ನೋಡಿದರು. ಬೆವರು ಬಂತೇ ಹೊರತು ತಪ್ಪು ಸಿಗಲಿಲ್ಲ. ಗುಮಾಸ್ತೆಯೂ ಅಳತೆಗಳನ್ನೆಲ್ಲ ಲೆಕ್ಕ ಹಾಕಿ, "ನಮ್ಮ ನಕ್ಷೆಗಾರನಿಗೆ ತೋರಿಸ್ಬೇಕು ಇದನ್ನ," ಎಂದರು. "ಗೋಡೆ ಹಂಚಿಕೊಂಡೋರ ಒಪ್ಪಿಗೆ ಬೇಕು. ಅವರು ಹಿಂಬದೀಲಿ ಸಹಿ ಹಾಕ್ಲಿ."

ಲಾ ಪಾಯಿಂಟಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಸುತ್ತಿಗೆ ಸದ್ದು ಆಗಕೂಡದು, ಬಿದ್ದ ಸೋಪಿಗೆ ಬದಲು ಸೋಪು ಕೊಡತಕ್ಕದ್ದು ಎಂದು ಎರಡು ಷರತ್ತು ಬಾಯಲ್ಲಿ ಹೇಳಿ ಒಪ್ಪಿಸಿಕೊಂಡರು. ಆಮೇಲೆ 'ಒಪ್ಪಿಗೆ ಇದೆ' ಎಂದು ಬರೆದು, ಗಾಳಿಪಟಕ್ಕೆ ಬಾಲಂಗೋಚಿ ಕಟ್ಟಿದಂಥ ಉದ್ದನೆಯ ಸಹಿ ಹಾಕಿದರು.

"ಎರಡು ಗಂಟೆ ಮೇಲೆ ಇನ್‌ಸ್ಪೆಕ್ಟರು ಬರ್ತಾರೆ," ಎಂದು ಗುಮಾಸ್ತೆ ಠಸ್ಸೆ ಒತ್ತಿದರು. "ಕೆಲಸ ಶುರು ಆಗಿರಬಾರ್ದು. ಒಂದು ಏಟು ಬಿದ್ದಿದ್ರೂ ಅರ್ಜಿ ವಜಾ."

ಮೇಷ್ಟ್ರೂ ಲಾ ಪಾಯಿಂಟೂ ಮುಖ ಮುಖ ನೋಡಿಕೊಂಡರು. ಒಂದು ಏಟು! ಸರಿಯಾಗಿ ಒಂದೇ ಏಟು!

ಮನೆಗೆ ಓಡಿ ಬಂದಾಗ ಒಂದೂವರೆ. ತಟ್ಟೆಯಗಲದ ತೂತು ಇದ್ದ ಕಡೆಯೇ ಇತ್ತು. ಗಾರೆ ಮೆತ್ತಿದರೆ ಒಣಗುವುದಿಲ್ಲ ಎಂದ ಮೇಸ್ತ್ರಿ. ಕ್ಯಾಲೆಂಡರ್ ತೂಗುಹಾಕಿ ಎಂದರು ಲಾ ಪಾಯಿಂಟು. "ಬಚ್ಚಲಲ್ಲಿ ಯಾರು ತಾರೀಖು ನೋಡ್ತಾರ್ರೀ?" ಎಂದು ಮೇಷ್ಟ್ರ ಹೆಂಡತಿ ಗದರಿ, ಮಲಗುವ ಕೋಣೆಯಿಂದ ದೊಡ್ಡ ಕನ್ನಡಿಯನ್ನು ಎತ್ತಿ ತಂದರು. ಕನ್ನಡಿಗೆ ಮೊಳೆ ಹೊಡೆಯಬೇಕಲ್ಲ. ಮೊಳೆ ಹೊಡೆದರೆ ಇನ್ನಷ್ಟು ಗಾರೆ ಉದುರಿತು. ಕಡೆಗೆ ನಲ್ಲಿಗೂ ಬಾಗಿಲ ಚಿಲಕಕ್ಕೂ ಹಗ್ಗ ಬಿಗಿದು ಕನ್ನಡಿಯನ್ನು ತೂತಿನ ಮೇಲೆ ನಿಲ್ಲಿಸಿದರು. ಸ್ವಲ್ಪ ವಾಲಿತ್ತು. ಅದರಲ್ಲಿ ಮುಖ ನೋಡಿಕೊಂಡವರು ತಾವೇ ವಾಲಿದ್ದೇವೆ ಎಂದುಕೊಳ್ಳಬೇಕಿತ್ತು.

ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತರು. ಎರಡೂಕಾಲಿಗೆ ಕಾಗದದ ಹಲಗೆ ಹಿಡಿದ, ಕಿವಿಯಲ್ಲಿ ಪೆನ್ನು ಸಿಕ್ಕಿಸಿದ ಗಂಭೀರ ಮನುಷ್ಯನೊಬ್ಬ ಗೇಟು ತೆಗೆದ. "ಹದಿನಾಲ್ಕನೇ ನಂಬರು ಇದೇನಾ?"

"ಇದೇ ಸಾರ್, ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಾ ಇದ್ವಿ!"

ಹಾಗೆ ಯಾರೂ ತನ್ನನ್ನು ಕಾದದ್ದು ಆ ಮನುಷ್ಯನಿಗೆ ನೆನಪಿರಲಿಲ್ಲವೆಂದು ತೋರುತ್ತದೆ, ಒಂದು ಕ್ಷಣ ಹಿಂದಕ್ಕೆ ತಿರುಗಿ ನೋಡಿದ. ಮೇಷ್ಟ್ರು ಅವನನ್ನು ಕೈಹಿಡಿದು ಬಚ್ಚಲಿಗೇ ಕರೆದುಕೊಂಡು ಹೋದರು. ಹಿಂದಿನಿಂದ ಲಾ ಪಾಯಿಂಟು, ಅವರ ಹಿಂದೆ ಟೀ ಲೋಟ ಹಿಡಿದ ಮೇಷ್ಟ್ರ ಹೆಂಡತಿ, ಅವರ ಹಿಂದೆ ಮೇಸ್ತ್ರಿ. ಇಪ್ಪತ್ತೆರಡು ಅಂಗುಲದ ಬಾಗಿಲಲ್ಲಿ ಐದು ಜನ ಒಳಸೇರಿದ್ದು ಒಂದು ಸಾಹಸವೇ.

"ಅಳೆದು ನೋಡಿ ಸಾರ್," ಎಂದು ಮೇಷ್ಟ್ರು ಟೇಪು ಕೊಟ್ಟರು.

ಅವನು ಅಳೆದ. ಟೀ ಕುಡಿದ. ಅಮ್ಮನ ಸೊಂಟದ ಕಥೆಯನ್ನು ಕಣ್ಣರಳಿಸಿ ಕೇಳಿದ. ಹಂಚಿಕೊಂಡ ಗೋಡೆಗೆ ಸಂಬಂಧಪಟ್ಟ ಕಾನೂನನ್ನು ಲಾ ಪಾಯಿಂಟು ಅದು ಹುಟ್ಟಿದಂದಿನಿಂದ ಹಿಡಿದು ಇಲ್ಲಿಯವರೆಗೆ ವಿವರಿಸಿದರು. ಅದನ್ನೂ ಕೇಳಿದ. ಮುಕ್ಕಾಲು ಗಂಟೆಯಾದ ಮೇಲೆ ಲೋಟ ಕೆಳಗಿಟ್ಟು, "ಬಾಗಿಲು ಚಿಕ್ಕದಾಯ್ತು, ನಿಜ. ವಯಸ್ಸಾದೋರಿಗೆ ತುಂಬ ಕಷ್ಟ. ಅಗಲ ಮಾಡಿಸಿಬಿಡಿ," ಎಂದ.

ಮೇಷ್ಟ್ರಿಗೆ ಆನಂದಬಾಷ್ಪ ಬರುವುದೊಂದು ಬಾಕಿ. "ಹಾಗಾದ್ರೆ ಚೀಟಿ ಅಂಟಿಸ್ತೀರಾ ಸಾರ್?"

"ಯಾವ ಚೀಟಿ? ನಾನು ನೀರಿನ ಮೀಟರ್ ಓದೋಕೆ ಬಂದಿದ್ದು. ಮೀಟರ್ ಎಲ್ಲಿದೆ ಹೇಳಿ."

ಮೇಸ್ತ್ರಿ ಬಾಯಿಗೆ ಟವೆಲ್ಲು ಅಡ್ಡ ಹಿಡಿದುಕೊಂಡು ಹೊರಗೆ ಓಡಿದ.

ಮೂರಾಯಿತು, ಮೂರೂವರೆ ಆಯಿತು. ಮೇಷ್ಟ್ರು ಗೇಟಿನಿಂದ ಬಚ್ಚಲಿಗೆ, ಬಚ್ಚಲಿನಿಂದ ಗೇಟಿಗೆ ಶತಪಥ ತಿರುಗಿದರು. ಆಸ್ಪತ್ರೆಯಿಂದ ಅಮ್ಮ ಎರಡು ಸಲ ಫೋನ್ ಮಾಡಿದರು. ಎರಡು ಸಲವೂ ಮೇಷ್ಟ್ರು "ಆಗ್ತಾ ಇದೆ" ಎಂದರು. ಮೊದಲ ಸಲ ಹೇಳಿದಷ್ಟು ಗಟ್ಟಿಯಾಗಿ ಎರಡನೆಯ ಸಲ ಹೇಳಲಾಗಲಿಲ್ಲ.

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಲಾ ಪಾಯಿಂಟಿನ ಹೆಂಡತಿ ಬಂದರು. ಸಾಮಾನ್ಯವಾಗಿ ಆಕೆ ಗಂಡನನ್ನು ಹುಡುಕಿಕೊಂಡು ಬಂದರೆಂದರೆ ಗಂಡನಿಗೆ ಗ್ರಹಚಾರ. ಇವತ್ತು ಮಾತ್ರ ಮುಖ ಅರಳಿತ್ತು. ಕೈಯಲ್ಲೊಂದು ಮಡಿಸಿದ ಹಾಳೆ.

"ಏನ್ರೀ ನೀವು! ಇಪ್ಪತ್ತು ವರ್ಷದಿಂದ ಬಡ್ಕೊಂಡೆ, ಬಚ್ಚಲ ಬಾಗಿಲು ಚಿಕ್ಕದು, ಮಂಡಿ ನೋವು, ಒಳಗೆ ಹೋಗೋಕೆ ಆಗಲ್ಲ ಅಂತ. ಕಿವಿಗೇ ಹಾಕ್ಕೊಳ್ದೆ ಇದ್ದೋರು, ಇವತ್ತು ಮೇಷ್ಟ್ರ ಕೆಲಸಕ್ಕೆ ಅಂತ ಹೋಗಿ ಗುಟ್ಟಾಗಿ ನಮ್ಮದೂ ಮಾಡಿಸ್ಕೊಂಡು ಬಂದ್ರಲ್ಲ!"

"ಏನು ಮಾಡಿಸ್ದೆ?" ಎಂದರು ಲಾ ಪಾಯಿಂಟು.

"ಇನ್ನೂ ನಾಟಕ ನೋಡಿ! ಇನ್‌ಸ್ಪೆಕ್ಟರು ನೀವೆಲ್ಲ ಮೇಷ್ಟ್ರ ಬಚ್ಚಲಲ್ಲಿ ತುಂಬ್ಕೊಂಡಿದ್ದಾಗ್ಲೇ ಬಂದ್ರು, ಒಂದು ಗಂಟೆ ಎಲ್ಲ ಅಳೆದ್ರು, ಸರಿಯಾಗಿದೆ ಅಂದ್ರು, ನಮ್ಮ ಬಾಗಿಲಿಗೆ ಹಸಿರು ಚೀಟಿ ಅಂಟಿಸಿ ಈಗಷ್ಟೇ ಆಚೆ ಹೋದ್ರು. ಇಗೋ ನಕ್ಷೆ, ಇಗೋ ಹಿಂದುಗಡೆ ನಿಮ್ಮ ಸಹಿ. ಈ ಸಹಿ ನನಗೆ ಗೊತ್ತಾಗಲ್ವಾ?"

ಮೇಷ್ಟ್ರು ನಕ್ಷೆಯನ್ನು ಕಿತ್ತುಕೊಂಡಂತೆ ಇಸಿದುಕೊಂಡರು. ತಮ್ಮದೇ ಗೆರೆ, ತಮ್ಮದೇ ಮುತ್ತಿನಂಥ ಅಕ್ಷರ. ಅದನ್ನು ಹಿಡಿದು ಬಚ್ಚಲಿಗೆ ಹೋದರು. ಬಾಗಿಲಿಂದ ಒಳಗೆ ಹೋದರೆ ಬಚ್ಚಲು ಬಲಕ್ಕೆ. ಬಲಕ್ಕೆ? ತಲೆ ಎತ್ತಿದರು. ಎದುರಿಗೆ ಹಗ್ಗದಲ್ಲಿ ವಾಲಿಕೊಂಡು ನಿಂತಿದ್ದ ಕನ್ನಡಿಯಲ್ಲಿ ನಕ್ಷೆ ಕಾಣಿಸಿತು. ಅಕ್ಷರಗಳು ತಿರುಗುಮುರುಗು. ಬಚ್ಚಲು ಮಾತ್ರ ಸರಿಯಾಗಿ ಎಡಕ್ಕೆ. ಕನ್ನಡಿಯೊಳಗೆ ಇದ್ದದ್ದು ಅವರ ಮನೆ. ಕೈಯಲ್ಲಿ ಇದ್ದದ್ದು ಪಕ್ಕದ ಮನೆ.

ಹಾಳೆ ಮೊಗಚಿದ ಆ ಗಳಿಗೆ ಕಣ್ಣ ಮುಂದೆ ಬಂತು, ಆ ಚಪ್ಪಾಳೆ ಸಮೇತ. ಮೇಷ್ಟ್ರು ಚಪ್ಪಲಿ ಕೂಡ ಮೆಟ್ಟದೆ ಬೀದಿಗೆ ಓಡಿದರು. ಲಾ ಪಾಯಿಂಟು ಹಿಂದೆ ಓಡಿದರು.

ಬೀದಿಯ ಕೊನೆಯಲ್ಲಿ ಇನ್‌ಸ್ಪೆಕ್ಟರು ಸ್ಕೂಟರು ಒದೆಯುತ್ತಿದ್ದರು. ಮೇಷ್ಟ್ರು ಏದುಸಿರು ಬಿಡುತ್ತಾ, ನಕ್ಷೆ ಬರೆದದ್ದು ಯಾರೆಂಬುದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದರು.

"ಅರ್ಜೀಲಿ ನನ್ನ ಹೆಸರಿದೆಯಲ್ಲ ಸಾರ್!"

"ನಾವು ಹೆಸರು ನೋಡಲ್ಲ, ನಕ್ಷೆ ನೋಡ್ತೀವಿ. ಮನೆ ಮಾಲೀಕರು ಬದಲಾಗ್ತಾ ಇರ್ತಾರೆ, ಗೋಡೆ ಬದಲಾಗಲ್ಲ. ಬಚ್ಚಲು ಬಲಕ್ಕಿರೋ ಮನೆಗೆ ಹೋದೆ, ಅಂಗುಲ ಅಂಗುಲಾನೂ ತಾಳೆ ಆಯ್ತು."

"ಅದೊಂದು ತಪ್ಪಾಗಿದೆ ಸಾರ್, ತಿದ್ದಿಕೊಡಿ."

"ತಪ್ಪಿದ್ದಿದ್ರೆ ಖಂಡಿತ ತಿದ್ದಿಕೊಡ್ತಿದ್ದೆ," ಎಂದರು ಇನ್‌ಸ್ಪೆಕ್ಟರು ನಿಜವಾದ ಮರುಕದಿಂದ. "ಹದಿನೆಂಟು ವರ್ಷದ ನೌಕರೀಲಿ ಇಷ್ಟು ಶುದ್ಧವಾದ ನಕ್ಷೆ ನಾನು ನೋಡಿಲ್ಲ. ಅದರಲ್ಲಿ ತಪ್ಪೇ ಇಲ್ವಲ್ಲ!"

"ಹಾಗಾದ್ರೆ ನಾಳೆ ಬೆಳಗ್ಗೆ ಹೊಸ ಅರ್ಜಿ..."

"ಒಂದು ಗೋಡೆಗೆ ಒಂದು ಸಲಕ್ಕೆ ಒಂದೇ ಪರವಾನಗಿ. ಒಂದು ಕಡೆ ಒಡೆದ ಮೇಲೆ ಗೋಡೆ ಗಟ್ಟಿಯಾಗೋಕೆ ಆರು ತಿಂಗಳು ಬಿಡ್ಬೇಕು. ಆಮೇಲೆ ಬನ್ನಿ. ಇದೇ ನಕ್ಷೆಗಾರನ ಹತ್ರಾನೇ ಬರೆಸಿ." ಸ್ಕೂಟರು ಹೊಗೆ ಬಿಟ್ಟು ತಿರುವಿನಲ್ಲಿ ಮರೆಯಾಯಿತು.

"ನೀವೇ ಪರವಾನಗಿ ಬೇಡ ಅಂತ ಬರೆದುಕೊಟ್ರೆ?" ಎಂದು ಮೇಷ್ಟ್ರು ಲಾ ಪಾಯಿಂಟಿನ ಕಡೆ ತಿರುಗಿದರು.

ಲಾ ಪಾಯಿಂಟು ಸುತ್ತ ನೋಡಿ, ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. ಅವರ ದನಿಯಲ್ಲಿ ಕಾನೂನಿನ ಗತ್ತೇ ಇರಲಿಲ್ಲ.

"ಮೇಷ್ಟ್ರೇ, ನಿಮ್ಮ ದಮ್ಮಯ್ಯ. ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ ಅವಳು ನನ್ನ ನೋಡಿ ನಕ್ಕಿದ್ದಾಳೆ. ನಕ್ಷೆ ನಂದಲ್ಲ, ಅರ್ಜಿ ನಂದಲ್ಲ ಅಂತ ಗೊತ್ತಾದ್ರೆ ಇನ್ನಿಪ್ಪತ್ತು ವರ್ಷ ನಗಲ್ಲ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ. ಹೆತ್ತ ತಾಯಿಗೂ ಹೇಳ್ಬಾರ್ದು."

ಮೇಷ್ಟ್ರು ಆ ಮುಖ ನೋಡಿದರು. ಬೆಳಗ್ಗೆ ನೊರೆ ತುಂಬಿಕೊಂಡು ಗುಡುಗಿದ್ದ ಬಾಯಿ ಈಗ ಮಗುವಿನದರಂತೆ ಅದುರುತ್ತಿತ್ತು. ಸಿಟ್ಟು ಬೆಟ್ಟದಷ್ಟಿತ್ತು, ಆದರೂ ಕರಗಿತು. ಮಾತು ಕೊಟ್ಟರು.

ಹಿಂತಿರುಗಿ ಬರುವಷ್ಟರಲ್ಲಿ ಮೇಸ್ತ್ರಿ ಪಕ್ಕದ ಮನೆಯ ಚೀಟಿಯನ್ನು ಎರಡು ಸಲ ಓದಿ, ಸುತ್ತಿಗೆ, ಉಳಿ, ಬಾಂಡಲಿ ಎಲ್ಲವನ್ನೂ ಅಲ್ಲಿಗೆ ಸಾಗಿಸಿದ್ದ. ಮೇಷ್ಟ್ರು ಅಳತೆ ಕೊಟ್ಟು ಮಾಡಿಸಿದ್ದ ಹೊಸ ಚೌಕಟ್ಟೂ ಆ ಕಡೆಗೇ ಹೊರಟಿತ್ತು. "ಚೀಟಿ ಇರೋ ಮನೆ ಸಾರ್," ಎಂದ, ಮುಖ ನೋಡದೆ. ಗೋಡೆಯಾಚೆಯಿಂದ ಮೊದಲ ಏಟು ಬಿತ್ತು. ಈ ಕಡೆ ಮೇಷ್ಟ್ರ ಸೋಪು ಗೂಡಿನಿಂದ ಹಾರಿ ಬಕೆಟ್ಟಿಗೆ ಬಿತ್ತು.

ಮೇಷ್ಟ್ರು ಅಮ್ಮನಿಗೆ ಫೋನ್ ಮಾಡಿದರು. "ಅಮ್ಮಾ, ಆ ಬಾಗಿಲು..." ಎಂದು ಶುರುಮಾಡಿದರು.

"ಎಲ್ಲ ಗೊತ್ತಾಯ್ತು ಬಿಡೋ," ಎಂದರು ಅಮ್ಮ. "ಪಕ್ಕದ ಮನೆಯವಳು ಈಗಷ್ಟೇ ಫೋನ್ ಮಾಡಿದ್ಲು. ಅವರ ಬಾಗಿಲು ನಾಳೆಗೆ ಅಗಲ ಆಗುತ್ತಂತೆ, ಇನ್ನಾರು ತಿಂಗಳು ಆ ಗೋಡೆ ಯಾರೂ ಮುಟ್ಟೋ ಹಾಗಿಲ್ವಂತೆ. ನಮ್ಮಲ್ಲೇ ಇರಿ ಅಂತ ಒಂದೇ ಹಟ. ಒಪ್ಕೊಂಡೆ. ನಿಮ್ಮಕ್ಕನ ಮನೆಗಿಂತ ಹತ್ರ. ಗೋಡೆ ತಟ್ಟಿದ್ರೆ ನಿನಗೆ ಕೇಳ್ಸುತ್ತೆ, ಅಲ್ಲಿಂದಾನೇ ಬೈತೀನಿ."

ಮೇಷ್ಟ್ರು "ಹೂಂ" ಎಂದರು.

"ಬೇಜಾರು ಮಾಡ್ಕೋಬೇಡ. ಎಲ್ಲರಿಗೂ ಎಲ್ಲ ಕೆಲಸ ಬರಲ್ಲ. ಅವಳ ಗಂಡ ಯಾರ ಹತ್ರಾನೋ ಒಂದು ನಕ್ಷೆ ಬರೆಸಿದ್ದಾನಂತೆ ಕಣೋ, ಇನ್‌ಸ್ಪೆಕ್ಟರೇ ಬೆರಗಾಗಿಬಿಟ್ರಂತೆ. ಅದು ಯಾರು ಅಂತ ಸ್ವಲ್ಪ ವಿಚಾರಿಸು. ಆರು ತಿಂಗಳು ಬಿಟ್ಟು ನೀನೂ ಅವನ ಹತ್ರಾನೇ ಬರೆಸು. ನೀನೇ ಬರೆಯೋಕೆ ಹೋಗಿ ಇನ್ನೇನೋ ಎಡವಟ್ಟು ಮಾಡ್ಕೋಬೇಡ."

ಮೇಷ್ಟ್ರು ಬಾಯಿ ತೆರೆದರು. ಬಾಗಿಲಲ್ಲಿ ನಿಂತಿದ್ದ ಲಾ ಪಾಯಿಂಟು ಎರಡೂ ಕೈ ಜೋಡಿಸಿದರು.

"ಆಗ್ಲಮ್ಮ, ವಿಚಾರಿಸ್ತೀನಿ," ಎಂದರು ಮೇಷ್ಟ್ರು.